ಐದನೆಯ ಚೀಟಿ

ಅವನು ನನ್ನ ಅಣ್ಣನಾಗಿರದಿದ್ದರೆ ಅವನ ಹೆಸರನ್ನೇ ಬರೆಯುತ್ತಿದ್ದೆನೇನೋ. ಈ ಯೋಚನೆ ಬಂದದ್ದೇ ತಡ, ಹಾಕಿ ಸ್ಟಿಕ್ ರಿಪೇರಿಯವನಿಗೆ ತನ್ನ ಮೇಲೇ ಗುಮಾನಿ ಹುಟ್ಟಿತು. ಅಣ್ಣ ಅಂತ ಹಾಕಿದರೆ ಪಕ್ಷಪಾತ, ಅದು ಯಾರಿಗಾದರೂ ಗೊತ್ತಾಗುತ್ತದೆ. ಅಣ್ಣ ಅಂತಲೇ ಹಾಕದೆ ಹೋದರೆ? ಅದು ನ್ಯಾಯವೋ, ಇಪ್ಪತ್ತು ವರ್ಷ ಅಣ್ಣನ ಸ್ಟಿಕ್ಕಿನ ಚೀಲ ಹೊತ್ತ ತಮ್ಮನ ಹೊಟ್ಟೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಆರದೆ ಉಳಿದಿದ್ದ ಕಿಚ್ಚೋ? ಅವನು ಮುಂದಿದ್ದ ಖಾಲಿ ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅದನ್ನ ಹರಿದುಬಿಟ್ಟೀಯಪ್ಪಾ," ಎಂದರು ಅಧ್ಯಕ್ಷತೆ ವಹಿಸಿದ್ದ ಹಳೆಯ ಅಂಪೈರ್. "ಎಣಿಸಿ ಐದೇ ಕತ್ತರಿಸಿದೀನಿ."

ಮೈದಾನದ ಪೆವಿಲಿಯನ್ನಿನ ಮೇಲಂತಸ್ತಿನ ಆ ಕೋಣೆಗೆ 'ಕೀರ್ತಿ ಭವನ' ಎಂದು ಬೋರ್ಡು ಹಾಕಿದ್ದರು. ಆಟಗಾರರ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ಫೋಟೋ ಕೋಣೆ. ಆಟದಿಂದ ನಿವೃತ್ತರಾದ ಹಾಕಿ ಆಟಗಾರರಲ್ಲಿ ವರ್ಷಕ್ಕೊಬ್ಬರ ಫೋಟೋ ಗೋಡೆ ಏರುತ್ತಿತ್ತು. ಈ ವರ್ಷದ್ದಕ್ಕೆ ಕಿಟಕಿಯ ಪಕ್ಕದಲ್ಲಿ ಮೊಳೆ ಹೊಡೆದೂ ಆಗಿತ್ತು. ಬೆಳಿಗ್ಗೆಯಿಂದ ಆಯ್ಕೆ ಸಮಿತಿಯ ಐವರಲ್ಲಿ ಹನ್ನೊಂದು ಹೆಸರುಗಳ ಮೇಲೆ ಚರ್ಚೆ ನಡೆದು, ಊಟದ ಹೊತ್ತಿಗೆ ನಾಲ್ಕಾಗಿ, ಈಗ ಎರಡು ಉಳಿದಿದ್ದವು. ಒಬ್ಬ, ಎಲ್ಲರೂ 'ರೇಷ್ಮೆ' ಎನ್ನುತ್ತಿದ್ದ ಫಾರ್ವರ್ಡ್, ರಿಪೇರಿಯವನ ಸ್ವಂತ ಅಣ್ಣ. ಇನ್ನೊಬ್ಬ 'ಅಡ್ಡಗಾಲು' ಎನ್ನುವ ಡಿಫೆಂಡರ್. ಇಬ್ಬರೂ ಒಂದೇ ತಂಡದವರು, ಒಂದೇ ವರ್ಷ ಆಟ ಬಿಟ್ಟವರು. ಬಿಟ್ಟ ಮೂವತ್ತು ವರ್ಷದೊಳಗೆ ಆಯ್ಕೆಯಾಗಬೇಕು ಎನ್ನುವುದು ನಿಯಮ. ಇದು ಮೂವತ್ತನೆಯ ವರ್ಷ.

"ನೂರಾ ಹದಿನಾಲ್ಕು ಗೋಲು ರೀ!" ಪತ್ರಕರ್ತ ಮೇಜು ತಟ್ಟಿದ. "ಒಂದೊಂದರ ಬಗ್ಗೆಯೂ ಬರೆದಿದೀನಿ. ಅವನ ಸ್ಟಿಕ್ಕಿಗೆ ಚೆಂಡು ತಾಗಿದ್ದೇ ಕೇಳಿಸ್ತಿರಲಿಲ್ಲ. ರೇಷ್ಮೆ ಅಂತ ಸುಮ್ಸುಮ್ನೆ ಹೆಸರಿಟ್ಟೆನಾ?"

"ನೀವು ಮೇಲೆ ಪತ್ರಕರ್ತರ ಗ್ಯಾಲರೀಲಿ ಕೂತು ಬಿಸ್ಕತ್ತು ಕಡೀತಿದ್ರಿ, ಕೇಳಿಸೋದು ಹೇಗೆ?" ಎಂದರು ತಂಡದ ಡಾಕ್ಟರು. "ಅಡ್ಡಗಾಲಿನ ಮೊಣಕಾಲಿಗೆ ಚೆಂಡು ಬಡಿದದ್ದು ಮಾತ್ರ ನನಗೆ ಈಗಲೂ ಕೇಳಿಸುತ್ತೆ."

"ಅಲ್ಲ ಡಾಕ್ಟ್ರೇ, ಏಟು ತಿಂದೋರಿಗೆಲ್ಲ ಫೋಟೋ ಹಾಕೋದಾದ್ರೆ ಈ ಕೋಣೆ ಯಾಕೆ, ನಿಮ್ಮ ವಾರ್ಡಿನ ಗೋಡೆನೇ ಸಾಕಲ್ಲ!" ಎಂದರು ಕೋಚ್. ಅವರ ಒಲವು ಮೊದಲಿನಿಂದಲೂ ರೇಷ್ಮೆಯ ಕಡೆಗೆ. ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ನಕ್ಕು ಮುಗಿಸಿ ಹೇಳಿದರು:

"ಏಟು ತಿಂದ ಅಂತಲ್ಲ ಸಾರ್. ಬರುತ್ತೆ ಅಂತ ಗೊತ್ತಿದ್ದೂ ಓಡ್ತಿದ್ದ."

ಅದು ಅಲ್ಲಿದ್ದ ಎಲ್ಲರೂ ಕಣ್ಣಾರೆ ಕಂಡ ಸಂಗತಿ. ಪೆನಾಲ್ಟಿ ಕಾರ್ನರ್ ಎಂದರೆ ಎದುರಾಳಿ ಗೋಲಿನ ಮುಂದಿನ ವೃತ್ತದ ಅಂಚಿನಲ್ಲಿ ಚೆಂಡನ್ನು ನಿಲ್ಲಿಸಿಕೊಂಡು, ಮೈಯ ಬಲವನ್ನೆಲ್ಲ ಕೂಡಿಸಿ ಗೋಲಿನತ್ತ ಬೀಸುತ್ತಾನೆ. ಆಗ ಗೋಲಿನ ಗೆರೆಯಿಂದ ಒಬ್ಬ ನೆಟ್ಟಗೆ ಆ ಹೊಡೆತದ ಬಾಯಿಗೇ ಓಡಬೇಕು. ಗೋಲ್‌ಕೀಪರಿಗಾದರೂ ದಪ್ಪನೆಯ ಪ್ಯಾಡುಗಳು. ಓಡುವವನಿಗೆ ಕಾಲುಚೀಲದೊಳಗೆ ಒಂದು ತೆಳು ಹಲಗೆ, ಅಷ್ಟೆ. ಹದಿಮೂರು ವರ್ಷ ಹಾಗೆ ಓಡಿದವನು ಅಡ್ಡಗಾಲು. ಅವನ ಹೆಸರಿನ ಮುಂದೆ ಗೋಲು ಸೊನ್ನೆ. ಅವನು ಆಗಗೊಡದ ಗೋಲುಗಳನ್ನು ಯಾರೂ ಎಣಿಸಿರಲಿಲ್ಲ.

ಅಂಪೈರ್ ರಿಪೇರಿಯವನ ಕಡೆ ತಿರುಗಿದರು. "ನೀನು ಊಟ ಆದ್ಮೇಲೆ ಒಂದು ಮಾತೂ ಆಡಿಲ್ಲ. ಸಂಕಟ ಅರ್ಥ ಆಗುತ್ತೆ. ಬೇಕಾದ್ರೆ ಹೊರಗೆ ಕೂತಿರು, ಯಾರೂ ತಪ್ಪು ತಿಳಿಯಲ್ಲ."

"ಅವರು ಹೊರಗೆ ಹೋಗಿ ಎರಡೆರಡು ಬಿದ್ರೆ ಈ ವರ್ಷ ಯಾರೂ ಇಲ್ಲ ಅಂತಾಗುತ್ತೆ," ಎಂದರು ಡಾಕ್ಟರು. "ಇಬ್ಬರಿಗೂ ಇದೇ ಕೊನೇ ವರ್ಷ."

"ಕೂತಿರ್ತೀನಿ," ಎಂದ ಅವನು.

"ಹಾಗಾದ್ರೆ ಏನಾದ್ರೂ ಹೇಳಿ," ಪತ್ರಕರ್ತ ಕುರ್ಚಿ ಮುಂದಕ್ಕೆಳೆದ. "ಇಬ್ಬರ ಸ್ಟಿಕ್ಕೂ ಕೈಯಲ್ಲಿ ಹಿಡಿದು ನೋಡಿದವರು ನೀವೊಬ್ಬರೇ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಅಂಟು ಕೂತು ಕೂತು ಉಗುರಿನ ಸುತ್ತ ಹಳದಿಗಟ್ಟಿತ್ತು. "ಅಣ್ಣನ ಸ್ಟಿಕ್ ಎರಡು ಸೀಸನ್ ಬಾಳಿಕೆ ಬರ್ತಿತ್ತು," ಎಂದ ನಿಧಾನವಾಗಿ. "ಬೇರೆಯವರದ್ದು ಒಂದೇ ಟೂರ್ನಮೆಂಟಿಗೆ ಮೈಯೆಲ್ಲ ಗಾಯ. ಇವನದ್ದರಲ್ಲಿ ಒಂದೇ ಕಡೆ, ಒಂದು ನಾಣ್ಯದಷ್ಟು ಅಗಲಕ್ಕೆ, ಹೊಳಪು. ಬಂದ ಚೆಂಡೆಲ್ಲ ಅಲ್ಲಿಗೇ ಬಂದು ತಾಗ್ತಿತ್ತು. ನಾನು ಉಪ್ಪುಕಾಗದ ಹಾಕಿ ಉಜ್ಜುವಾಗ ಆ ಜಾಗ ಮಾತ್ರ ಮುಟ್ತಿರಲಿಲ್ಲ. ಮುಟ್ಟೋಕೆ ಮನಸ್ಸು ಬರ್ತಿರಲಿಲ್ಲ."

"ಕೇಳಿದ್ರಾ!" ಎಂದರು ಕೋಚ್, ಕೇಸು ಗೆದ್ದ ವಕೀಲನ ಹಾಗೆ.

ಇನ್ನೊಬ್ಬನ ಸ್ಟಿಕ್ಕಿನ ಬಗ್ಗೆ ಯಾರೂ ಕೇಳಲಿಲ್ಲ. ರಿಪೇರಿಯವನೂ ಹೇಳಲಿಲ್ಲ. ಹೇಳಬೇಕಾದದ್ದು ಸಭೆಯಲ್ಲಿ ಹೇಳುವಂಥದ್ದಾಗಿರಲಿಲ್ಲ.

ಅಡ್ಡಗಾಲು ಪ್ರತಿ ಹೊಸ ಸ್ಟಿಕ್ ಕೊಂಡಾಗಲೂ ಮೊದಲು ಅದನ್ನು ಇವನ ರಿಪೇರಿ ಅಂಗಡಿಗೇ ತರುತ್ತಿದ್ದ. ತಂದು, ಹಿಡಿಯ ತುದಿಯಲ್ಲಿ ಎರಡು ಬೆರಳಿನಷ್ಟು ಗರಗಸದಿಂದ ಕತ್ತರಿಸಿಕೊಡಿ ಎನ್ನುತ್ತಿದ್ದ. ಮೊದಲ ಸಲ ರಿಪೇರಿಯವನು ಬೈದೇಬಿಟ್ಟಿದ್ದ: "ತಲೆ ಕೆಟ್ಟಿದೆಯಾ ನಿನಗೆ? ಮೋಟು ಮಾಡಿದ್ರೆ ಬೀಸು ಹೋಗುತ್ತೆ. ಜನ್ಮದಲ್ಲಿ ಒಂದು ಗಟ್ಟಿ ಹೊಡೆತ ಹೊಡೆಯೋಕಾಗಲ್ಲ."

"ಹೋಗ್ಲಿ ಬಿಡಿ," ಎಂದಿದ್ದ ಅವನು ನಗುತ್ತ. "ಬಗ್ಗಿ ಓಡುವಾಗ ಉದ್ದದ ಹಿಡಿ ಹೊಟ್ಟೆಗೆ ಚುಚ್ಚುತ್ತೆ, ಅರ್ಧ ಹೆಜ್ಜೆ ತಡ ಆಗುತ್ತೆ. ಹೊಡೆಯೋಕೆ ನಿಮ್ಮಣ್ಣ ಇದಾರಲ್ಲ."

ಅಷ್ಟು ಹಗುರವಾಗಿ ಹೇಳಿದ್ದ, ಬಾಗಿಲು ಹಾಕಿಕೊಂಡು ಬನ್ನಿ ಎನ್ನುವ ಹಾಗೆ. ಒಬ್ಬ ಆಟಗಾರ ತನ್ನ ಹೊಡೆತವನ್ನು ತಾನೇ ಕತ್ತರಿಸಿ ಕೊಟ್ಟು ಹೋದದ್ದನ್ನು ರಿಪೇರಿಯವನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕತ್ತರಿಸಿದ ತುಂಡನ್ನು ಕಸಕ್ಕೆ ಹಾಕಲು ಕೈ ಬರದೆ ಮೊಳೆಯ ಡಬ್ಬಿಯಲ್ಲಿಟ್ಟ. ಆಟ ಬಿಡುವ ಹೊತ್ತಿಗೆ ಅಂಥ ತುಂಡುಗಳು ಹತ್ತೊಂಬತ್ತಾಗಿದ್ದವು.

ಒಂದು ಮಧ್ಯಾಹ್ನ ಅಣ್ಣ ತನ್ನ ಸ್ಟಿಕ್ ಒಯ್ಯಲು ಬಂದವನು, ಬೆಂಚಿನ ಮೇಲಿದ್ದ ಆ ಮೋಟು ಸ್ಟಿಕ್ಕನ್ನು ಕೈಗೆತ್ತಿಕೊಂಡಿದ್ದ. ತೂಗಿ ನೋಡಿದ. ಬಗ್ಗಿ, ನೆಲಕ್ಕೆ ಒತ್ತಿ, ಎರಡು ಹೆಜ್ಜೆ ಮುಂದೆ ಹೋದ. ಕತ್ತರಿಸಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ಇದ್ದಲ್ಲೇ, ಇದ್ದ ಹಾಗೇ ಇಟ್ಟು, ಒಂದೂ ಮಾತಾಡದೆ ಹೊರಟುಹೋದ. ಎರಡು ಮಾತಿಗೆ ಒಂದು ತಮಾಷೆ ಮಾಡುವ ಅಣ್ಣ ಅಂದು ತನ್ನ ಸ್ಟಿಕ್ಕನ್ನೇ ಮರೆತು ಹೋಗಿದ್ದ.

ರಿಪೇರಿಯವನು ಚೀಟಿ ಬಿಚ್ಚಿ, ಅಂಗೈಯಿಂದ ಮರೆಮಾಡಿಕೊಂಡು, ಬರೆದ.

ಅಂಪೈರ್ ಐದು ಚೀಟಿಗಳನ್ನೂ ತಮ್ಮ ಟೋಪಿಯಲ್ಲಿ ಹಾಕಿ ಅಲ್ಲಾಡಿಸಿದರು. ಒಂದೊಂದಾಗಿ ತೆಗೆದು, ತಮ್ಮ ಕಡೆಗೇ ಹಿಡಿದು ಓದಿದರು. "ರೇಷ್ಮೆ. ಅಡ್ಡಗಾಲು. ಅಡ್ಡಗಾಲು. ರೇಷ್ಮೆ." ಐದನೆಯ ಚೀಟಿಯನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ತುಂಬ ಮಡಿಕೆಯ ಗೆರೆಗಳಿದ್ದವು. ಅಂಪೈರ್ ಅದನ್ನು ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ಯಾರ ಮುಖವನ್ನೂ ನೋಡದೆ "ಅಡ್ಡಗಾಲು" ಎಂದರು. ಉಳಿದ ನಾಲ್ಕನ್ನು ಮೇಜಿನ ಮೇಲೆ ಬಿಟ್ಟು, ಅದೊಂದನ್ನು ಮಾತ್ರ, ಯಾರದೆಂದು ಯಾರೂ ಗುರುತು ಹಿಡಿಯದಂತೆ, ಸಣ್ಣಸಣ್ಣಗೆ ಹರಿದು ಜೇಬಿಗೆ ಹಾಕಿಕೊಂಡರು.

ಅವನು ಅಣ್ಣನ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅಣ್ಣ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಮೇಲಿನ ಗುಂಡಿಯನ್ನೂ ಹಾಕಿದ್ದ.

"ಬೆಳಿಗ್ಗೆಯಿಂದ ಹೀಗೇ ಕೂತಿದಾರೆ," ಎಂದರು ಅತ್ತಿಗೆ ಒಳಗಿನಿಂದ. "ಫೋಟೋ ತೆಗೆಯೋರು ಮನೆಗೇ ಬರ್ತಾರೆ ಅನ್ನೋ ಹಾಗೆ."

"ಸುಮ್ನಿರೇ," ಎಂದ ಅಣ್ಣ. ತಮ್ಮನ ಕಡೆ ತಿರುಗಿ, "ಹೇಳು."

"ಮೂರು ಎರಡು."

"ಮೂರು ಯಾರಿಗೆ?"

"ಅಡ್ಡಗಾಲಿಗೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅಣ್ಣ ಬೀದಿಯನ್ನು ನೋಡಿದ. ಸೈಕಲ್ಲೊಂದು ಹಾದುಹೋಗುವವರೆಗೆ ಅದನ್ನೇ ನೋಡಿದ. ಆಮೇಲೆ ಕತ್ತಿನ ಗುಂಡಿ ಬಿಚ್ಚಿದ.

"ಅವನಿಗೆ ಗೊತ್ತಾ?"

"ಹೆಸರು ಹೋಗಿತ್ತು ಅನ್ನೋದೇ ಗೊತ್ತಿಲ್ಲ ಅವನಿಗೆ. ಡಾಕ್ಟ್ರು ಬಸ್ ಡಿಪೋಗೇ ಹೋಗಿದಾರೆ ಹೇಳೋಕೆ. ಈ ವಯಸ್ಸಲ್ಲೂ ಗೇಟಿನ ಡ್ಯೂಟಿ ಅಂತೆ."

"ಹೂಂ." ಅಣ್ಣ ಬೆರಳು ಮಡಿಸಿದ. "ಎರಡು ಅಂದ್ರೆ... ನಿಂದೊಂದು. ಕೋಚ್ ಸಾರ್‌ದೊಂದು. ಡಾಕ್ಟ್ರು, ಅಂಪೈರ್ ಮೊದಲಿಂದ್ಲೂ ಅವನ ಕಡೆ. ಅಂದ್ರೆ ಆ ಪತ್ರಿಕೆಯವನು ಕೈ ಕೊಟ್ಟ!"

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣ ನಗಲು ಶುರುಮಾಡಿದ್ದ. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿಕೊಂಡು. "ಭಲೇ! ಇಪ್ಪತ್ತು ವರ್ಷ ರೇಷ್ಮೆ, ಬೆಣ್ಣೆ ಅಂತ ಬರೆದೂ ಬರೆದೂ, ಕೊನೆಗೊಂದು ಸರಿಯಾದ ಮಾತು ಬರೆದ ನೋಡು. ಎದೆ ಬೇಕು ಕಣೋ ಅದಕ್ಕೆ. ನಾನಾಗಿದ್ರೂ ಅಡ್ಡಗಾಲಿನ ಹೆಸರೇ ಬರೀತಿದ್ದೆ."

"ನಿಜವಾಗಿ?"

"ಮತ್ತೆ? ಫೈನಲ್‌ನಲ್ಲಿ ನಾನು ಹೊಡೆದದ್ದು ಒಂದು. ಅವನು ತಡೆದದ್ದು ನಾಲ್ಕು. ನಾಲ್ಕನೇದು ಬೆರಳು ಮುರಿದ ಮೇಲೆ. ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಆ ಒಂದನ್ನ ಹೊಡೀತಿದ್ರು. ಅವನ ಜಾಗದಲ್ಲಿ ಯಾರು ಓಡ್ತಿದ್ರು ಹೇಳು?" ಅಣ್ಣ ಮುಂದಕ್ಕೆ ಬಾಗಿ ತಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟ. "ಆ ಮೋಟು ಸ್ಟಿಕ್ ದಿನಾ ನೋಡ್ತಿದ್ದವನು ನೀನು. ನೀನು ನನಗೆ ಹಾಕಬಾರದಿತ್ತು. ಬೈತಿದೀನಿ, ತಿಳ್ಕೋ."

"ತಿಳ್ಕೊಂಡೆ."

"ಆದ್ರೂ ಹಾಕಿದೆಯಲ್ಲ," ಎಂದ ಅಣ್ಣ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುತ್ತಿರಲಿಲ್ಲ. ಅಣ್ಣನೇ ಬಾಗಿಲು ತೆರೆದು ಪಕ್ಕಕ್ಕೆ ನಿಂತ ಹಾಗಿತ್ತು. ಆದರೆ ಮೊಣಕಾಲಿನ ಮೇಲಿದ್ದ ಕೈ ಅಲ್ಲೇ ಇತ್ತು. ಚಿಕ್ಕಂದಿನಿಂದ ಎಷ್ಟೋ ಸಲ ತಲೆಗೆ ಮೊಟಕಿದ, ಎಷ್ಟೋ ಸಾವಿರ ಜನರತ್ತ ಬೀಸಿದ ಕೈ. ಹೀಗೆ ಭಾರ ಬಿಟ್ಟು ಅವನ ಮೇಲೆ ಕೂತದ್ದು ಇದೇ ಮೊದಲು. ಅತ್ತಿಗೆ ಕಾಫಿ ತಂದಿಟ್ಟರು. ಅಣ್ಣ ಎಡಗೈಯಲ್ಲೇ ಲೋಟ ತೆಗೆದುಕೊಂಡ.

ಎರಡು ವಾರದ ಮೇಲೆ ಫೋಟೋ ಏರಿಸಿದರು. ಅಡ್ಡಗಾಲು ಡಿಪೋದ ಸಮವಸ್ತ್ರದಲ್ಲೇ ಬಂದಿದ್ದ. ಪಾಳಿ ಮುಗಿದದ್ದೇ ತಡವಾಯಿತಂತೆ. ಹೆಸರು ಕರೆದಾಗ ಹಿಂದೆ ತಿರುಗಿ ನೋಡಿದ, ಇನ್ನಾರನ್ನೋ ಕರೆದರೇನೋ ಎನ್ನುವ ಹಾಗೆ. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ರೇಷ್ಮೆ. ಕೊನೆಗೆ ಕೂತವನೂ ಅವನೇ.

ಆಮೇಲೆ ಅಣ್ಣ ನೇರ ಪತ್ರಕರ್ತನ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. "ನೀವು ಮಾಡಿದ್ದು ದೊಡ್ಡದು. ನಾನು ಮರೆಯಲ್ಲ."

ಪತ್ರಕರ್ತನ ಕಣ್ಣು ತುಂಬಿತು. "ನನ್ನ ಕೈಲಾದದ್ದು ಮಾಡಿದೆ ಸಾರ್. ಆಗಲಿಲ್ಲ."

"ಆಯ್ತಲ್ಲ, ಚೆನ್ನಾಗೇ ಆಯ್ತು," ಎಂದ ಅಣ್ಣ, ಅವನ ಬೆನ್ನು ತಟ್ಟುತ್ತ. ಪತ್ರಕರ್ತ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದ. ದೂರದಲ್ಲಿ ನಿಂತಿದ್ದ ಅಂಪೈರ್ ಕಿಟಕಿಯಾಚೆ ಏನನ್ನೋ ನೋಡತೊಡಗಿದರು.

ಫೋಟೋದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಅಡ್ಡಗಾಲಿನ ಕೊನೆಯ ಸ್ಟಿಕ್ ಇಟ್ಟಿದ್ದರು. ಅದಕ್ಕೆ ಹೊಸ ಗ್ರಿಪ್ ಸುತ್ತಿ ಮೇಣ ಹಚ್ಚಿದವನು ರಿಪೇರಿಯವನೇ. ಮೋಟು ಹಿಡಿಯ ಪಕ್ಕದಲ್ಲಿ, ಅದರಿಂದಲೇ ಕತ್ತರಿಸಿದ್ದ ಎರಡು ಬೆರಳಿನಷ್ಟು ತುಂಡನ್ನು ಡಬ್ಬಿಯಿಂದ ಹುಡುಕಿ ತಂದು ಇಟ್ಟಿದ್ದ. ಅಣ್ಣ ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಬಹಳ ಹೊತ್ತು ಅದನ್ನು ನೋಡಿದರು. ಅಣ್ಣನ ಹೆಬ್ಬೆರಳು ಗಾಜಿನ ಮೇಲೆ ಮೆಲ್ಲಗೆ ಆಡಿತು.

ಐದನೆಯ ಚೀಟಿಯಲ್ಲಿ ತಾನು ಬರೆದದ್ದು ಯಾರ ಹೆಸರೆಂದು ಅವನು ಅಣ್ಣನಿಗೆ ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.