ಹಾಜರಿಯಲ್ಲಿ ಕೂಗದ ಹೆಸರು

೧

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಅಂದರೆ ನೀವು ಈಗಲೇ ಕರ್ಚೀಫ್ ಹುಡುಕುತ್ತೀರಿ. ಸ್ಕೂಲಿನ ಗೇಟಿನಿಂದ ಅಂದರೆ, ಓಹೋ ನೀತಿಕಥೆ ಅಂತ ಪುಟ ತಿರುಗಿಸುತ್ತೀರಿ. ಇದು ನನ್ನ ಮೂರನೇ ಡ್ರಾಫ್ಟು. ಮೊದಲಿನ ಎರಡನ್ನೂ ಕಥೆಯ ಹುಡುಗಿಯೇ ಓದಿ ಬೇಡ ಅಂದಳು.

೨

ಅವಳು ಹತ್ತನೇ ಕ್ಲಾಸು. ನಾಲ್ಕು ತಿಂಗಳ ಹಿಂದೆ ರಸ್ತೆ ಅಪಘಾತದಲ್ಲಿ ಅಮ್ಮ ಹೋದಳು. ಆಸ್ಪತ್ರೆಯ ವರಾಂಡದಲ್ಲಿ ಯಾರೋ ಫೈಲು ಹಿಡಿದು ಬಂದು, ಈ ಹುಡುಗಿಯ ಹೆಸರನ್ನು ಜೋರಾಗಿ ಕೂಗಿ, ಸುದ್ದಿ ಹೇಳಿದರು. (ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಅವಳು ಎರಡು ಪುಟದುದ್ದಕ್ಕೂ ಅಳುವಂತೆ ಬರೆದಿದ್ದೆ. "ನಾನು ಅಳಲೇ ಇಲ್ಲ. ನೀರು ಕೇಳಿದೆ, ಅಷ್ಟೇ" ಅಂದಳು. ಹರಿದು ಹಾಕಿದೆ. ಹೊಟ್ಟೆ ಉರಿಯಿತು, ಚೆನ್ನಾಗಿ ಬಂದಿತ್ತು.)

೩

ಕ್ಲಾಸ್ ಟೀಚರು ಗಣಿತದ ಮೇಡಂ. ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾದಾಗ, ಹಾಜರಿಯಲ್ಲಿ ತನ್ನ ಹೆಸರು ಬಂದರೆ ಹುಡುಗಿ ಬೆಚ್ಚಿಬೀಳುವುದನ್ನು ಎರಡೇ ದಿನಕ್ಕೆ ಗಮನಿಸಿದರು. ಮೂರನೇ ದಿನದಿಂದ ಅವಳ ಹೆಸರು ಕೂಗಲಿಲ್ಲ. ತಲೆಯೆತ್ತಿ ಒಮ್ಮೆ ನೋಡುವುದು, ಟಿಕ್ ಹಾಕುವುದು, ಮುಂದಿನ ಹೆಸರಿಗೆ ಹೋಗುವುದು. ಯಾಕೆ ಅಂತ ಅವಳಿಗೆ ಹೇಳಲಿಲ್ಲ, ಮುಜುಗರ ಆದೀತು ಅಂತ. ಒಳ್ಳೆಯವರ ತಪ್ಪುಗಳೇ ಹೀಗೆ, ಬೈಯೋಕೂ ಬಾಯಿ ಬರಲ್ಲ.

ಹುಡುಗಿ ಒಂದು ವಾರ ಕಾದಳು. ಸ್ಕೂಲಿನಲ್ಲೂ ತಾನು ಯಾರಿಗೂ ಬೇಡ ಅನ್ನುವುದು ಅವಳಿಗೆ ಖಾತ್ರಿಯಾಯಿತು. ಎಂಟನೇ ದಿನದಿಂದ ಬರಲಿಲ್ಲ.

೪

ಸತತ ಮೂವತ್ತು ದಿನ ಬಾರದವರ ಹೆಸರನ್ನು ಆಫೀಸಿನವರು ತೆಗೆಯುತ್ತಾರೆ, ಆಮೇಲೆ ಪಬ್ಲಿಕ್ ಪರೀಕ್ಷೆಯೂ ಇಲ್ಲ. ನಾಳೆಗೆ ಮೂವತ್ತು. ಇವತ್ತು ಸಂಜೆ ಮೇಡಂ, ಹುಡುಗಿ ಈಗಿರುವ ಚಿಕ್ಕಮ್ಮನ ಮನೆಗೆ ಬಂದರು. ಚಿಕ್ಕಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು, ಹುಡುಗಿ ಕೆಳಗೆ ಕೂತು ಶರ್ಟುಗಳಿಗೆ ಗುಂಡಿ ಹಾಕುತ್ತಿದ್ದಳು. ಕೈಗೊಂದು ಕೆಲಸ ಬಂತಲ್ಲ, ಅದೇ ಸಮಾಧಾನ ಅಂತ ಚಿಕ್ಕಮ್ಮ ಅಂದಳು.

(ಎರಡನೇ ಡ್ರಾಫ್ಟಿನಲ್ಲಿ ಮೇಡಂ ಇಲ್ಲಿ ವಿದ್ಯೆಯ ಬಗ್ಗೆ ಭಾಷಣ ಬಿಗಿದಿದ್ದರು. "ನಮ್ಮ ಮೇಡಂ ಹಾಗೆಲ್ಲ ಮಾತಾಡಲ್ಲ ರೀ" ಅಂತ ಹುಡುಗಿ ನಕ್ಕಳು. ಅವಳು ನಕ್ಕಿದ್ದು ಅದೇ ಮೊದಲು, ಅದಕ್ಕೇ ಭಾಷಣ ಹೋದರೂ ನನಗೆ ಬೇಜಾರಾಗಲಿಲ್ಲ.)

ನಿಜವಾಗಿ ಮೇಡಂ ಅವಳ ಪಕ್ಕದಲ್ಲಿ ಕೂತು, ಒಂದು ಗುಂಡಿಯನ್ನು ಸೊಟ್ಟಗೆ ಹಾಕಿದರು. ಹುಡುಗಿ ಅದನ್ನು ಬಿಚ್ಚುತ್ತಾ ಕೇಳಿದಳು.

"ನನ್ನ ಹೆಸರು ಯಾಕೆ ಬಿಟ್ರಿ ಮೇಡಂ?"

ಹೆಸರು ಬಿಟ್ಟಿದ್ದನ್ನು ಇವಳು ಏನೆಂದುಕೊಂಡಳು ಅಂತ ಮೇಡಂಗೆ ಆಗ ಹೊಳೆಯಿತು. ಸೂಜಿ ಕೆಳಗಿಟ್ಟರು.

"ನಿಂಗೆ ಭಯ ಆಗ್ತಿತ್ತಲ್ಲಮ್ಮಾ, ಅದಕ್ಕೇ. ದಿನಾ ಟಿಕ್ ಹಾಕ್ತಿದ್ದೆ. ನಿನ್ನನ್ನೇ ಒಂದ್ಮಾತು ಕೇಳಬೇಕಿತ್ತು, ತಪ್ಪಾಯ್ತು."

ಮೆಷಿನ್ ನಿಂತಿತು. ಹುಡುಗಿ ದಾರದ ಗಂಟು ಬಿಡಿಸಿದಳು.

"ದೂರದಿಂದ ಕೂಗಬೇಡಿ. ಬೆಂಚಿನ ಹತ್ರ ಬಂದು ಮೆಲ್ಲಗೆ ಕರೀರಿ. ಬೆಚ್ಚಿದ್ರೂ ಪರವಾಗಿಲ್ಲ, ಕರೀರಿ."

ಗುಂಡಿ ಸ್ಕೂಲು ಮುಗಿದ ಮೇಲೂ ಹಾಕಬಹುದು ಅಂತ ಚಿಕ್ಕಮ್ಮ ಯಾರನ್ನೂ ನೋಡದೆ ಅಂದಳು.

೫

ಈಗ ಮುಕ್ತಾಯ. ಎರಡಿವೆ.

ಅ) ನಾಳೆ ಹುಡುಗಿ ಬರುತ್ತಾಳೆ, ಕ್ಲಾಸೆಲ್ಲ ಎದ್ದು ಚಪ್ಪಾಳೆ ತಟ್ಟುತ್ತದೆ. (ಚಪ್ಪಾಳೆ ತಟ್ಟಿದರೆ ಅಲ್ಲಿಂದಲೇ ವಾಪಸ್ಸು ಅಂತ ಅವಳು ಹೇಳಿದ್ದಾಳೆ.)

ಆ) ಬರುವುದಿಲ್ಲ. ಇದನ್ನು ಬರೆಯಲು ನನಗೆ ಕೈ ಬರಲಿಲ್ಲ. ಮುಚ್ಚಿಡುವುದೇನು, ಈ ಹುಡುಗಿಯನ್ನು ಕಂಡರೆ ನನಗೆ ಅಕ್ಕರೆ.

ಮೇಡಂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನಾಳೆ ಬರ್ತೀಯಾ ಅಂತ ಕೇಳಿದರು.

"ಗೊತ್ತಿಲ್ಲ ಮೇಡಂ. ಬೆಳಗ್ಗೆ ಎದ್ದಾಗ ಗೊತ್ತಾಗತ್ತೆ."

"ಸರಿ. ಬೆಳಗ್ಗೆ ಬಂದು ಇನ್ನೊಂದ್ಸಲ ಕೇಳ್ತೀನಿ."

ಮೇಡಂ ಹೋದರು. ಎರಡು ಡ್ರಾಫ್ಟು ಬರೆದರೂ ನಾನು ಇವಳನ್ನು ಏನೂ ಕೇಳಿರಲಿಲ್ಲ ಅನ್ನುವುದು ನೆನಪಾಗಿ ನಾಚಿಕೆಯಾಯಿತು. ನಾಳೆಯದನ್ನು ಬರೆಯಲೇನಮ್ಮಾ ಅಂತ ಮೆಲ್ಲಗೆ ಕೇಳಿದೆ.

"ಇನ್ನೂ ಬೇಡ" ಅಂದಳು.