ಕಾವೇರಿಯ ಸ್ಯಾಂಪಲ್ ಫ್ರಾಕು

ಸಿಂದಗಿಯ ಶ್ರೀಶೈಲಪ್ಪನವರ ಗಾರ್ಮೆಂಟಿನಲ್ಲಿ ಯಾವ ಹೊಸ ಫ್ರಾಕಿಗೂ ಮೊದಲು ನಾಲ್ಕಾರು ಸ್ಯಾಂಪಲ್ ಹೊಲಿಯುತ್ತಿದ್ದರು. ಕೆಟ್ಟ ಸ್ಯಾಂಪಲ್ಲು ಕೆಲಸದ ಹೆಂಗಸರ ಮಕ್ಕಳಿಗೆ, ಪಾಳಿಯ ಪ್ರಕಾರ. ಈ ಸಲ ಗುಂಡಿ ಹಚ್ಚುವ ರಾಮವ್ವನ ಪಾಳಿ. ಝಳಕಿಯಲ್ಲಿ ತಮ್ಮನ ಮದುವೆ ಬೇರೆ ಇತ್ತು. ಹೊಸ ಫ್ರಾಕು ತರುತ್ತೇನೆಂದು ಮಗಳು ಕಾವೇರಿಗೆ ಹೇಳಿಯೂ ಬಿಟ್ಟಿದ್ದಳು. ಆ ಕೂಸೋ, ಓಣಿಗೆಲ್ಲ ಡಂಗುರ ಹೊಡೆದು ಬಂದಿತ್ತು.

ಅಷ್ಟರಲ್ಲಿ ಬಂತು ನೋಡಿ ಕಂಪ್ಯೂಟರು! ಸಾಹುಕಾರರ ಸೊಸೆ ಭಾಗ್ಯಜ್ಯೋತಿ ಪರದೆಯ ಮೇಲೆ ಒಂದು ಗೊಂಬೆ ನಿಲ್ಲಿಸಿದಳು, ಫ್ರಾಕು ತೊಡಿಸಿದಳು, ತೋಳು ಗಿಡ್ಡ ಮಾಡಿದಳು, ಉದ್ದ ಮಾಡಿದಳು. ಒಂದು ಗೇಣು ಅರಿವೆಯೂ ಕತ್ತರಿಸಲಿಲ್ಲ.

"ಇನ್ನ ಸ್ಯಾಂಪಲ್ ಬ್ಯಾಡ," ಎಂದರು ಶ್ರೀಶೈಲಪ್ಪ. "ಒಂದ ಫ್ರಾಕ್ ಹೊಲದು ಸೊಲ್ಲಾಪುರದ ವ್ಯಾಪಾರಿಗೆ ಕಳಸೂದು. ಅವ ಹೂಂ ಅಂದ್ರ ಉಳದದ್ದು ಕತ್ತರಸೂದು."

ರಾಮವ್ವ ಪರದೆಯನ್ನು ದುರುಗುಟ್ಟಿ ನೋಡಿದಳು. ಉಣ್ಣದ, ತಿನ್ನದ ಆ ಗೊಂಬೆಗೆ ದಿನಾ ಹೊಸ ಫ್ರಾಕು, ತನ್ನ ಕೂಸಿಗೆ ಮಾತ್ರ ಇಲ್ಲ! ಹೊಟ್ಟೆ ಉರಿಯದೆ ಇನ್ನೇನು?

"ರಾಮವ್ವಾ, ಗೊಂಬಿಗೆ ಆರ ವರ್ಷದ ಹುಡುಗಿ ಅಳತಿ ಬೇಕಾಗೇತಿ. ನಿಮ್ಮ ಕಾವೇರಿದು ಹೇಳ್ರಿ," ಎಂದಳು ಭಾಗ್ಯಜ್ಯೋತಿ.

ರಾಮವ್ವ ಮುಖ ಊದಿಸಿಕೊಂಡೇ ಎದೆ, ತೋಳು, ಉದ್ದ ಎಲ್ಲ ಹೇಳಿದಳು.

ಫ್ರಾಕು ತಯಾರಾಯಿತು. ಫೋಟೊಕ್ಕೆಂದು ಕಾವೇರಿಯನ್ನೇ ಕರೆಸಿ ತೊಡಿಸಿದರೆ, ಅಯ್ಯೋ ಶಿವನೇ! ಕೈಗಳು ತೋಳಿನೊಳಗೆ ಮಾಯ, ಅಂಚು ನೆಲ ಗುಡಿಸುತ್ತಿತ್ತು.

"ಇದೇನವಾ ಭಾಗ್ಯಾ? ಹಿಂಗಾದ್ರ ಆ ಡಬ್ಬಿ ವಾಪಸ್ ಕಳಸಿಬಿಡೂಣು!" ಸಾಹುಕಾರರು ರೇಗಿದರು. ಹಟ ಹಿಡಿದು ಕಂಪ್ಯೂಟರು ತರಿಸಿದವಳೇ ಭಾಗ್ಯಜ್ಯೋತಿ. ಪಾಪ, ಅವಳ ಕಣ್ಣಲ್ಲಿ ನೀರು ಬಂತು.

ಎಲ್ಲಿ ತಪ್ಪಿತೆಂದು ರಾಮವ್ವನಿಗೆ ಆಗ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಡಬ್ಬಿ ಹೋಗುತ್ತಿತ್ತು, ಸ್ಯಾಂಪಲ್ಲು ಮರಳಿ ಬರುತ್ತಿದ್ದವು. ಆದರೆ ಭಾಗ್ಯಜ್ಯೋತಿಯ ಮುಖ ನೋಡಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

"ಅಕ್ಕಾರದು ತಪ್ಪಿಲ್ರಿ. ಅಳತಿ ನಾನ ದೊಡ್ಡದ ಹೇಳೇನ್ರಿ. ಬೆಳಿಯೂ ಕೂಸಲ್ರಿ, ದರ್ಜಿಗೆ ಯಾವಾಗ್ಲೂ ನಾಕ ಬೆರಳ ಹೆಚ್ಚಿಗಿನ ಹೇಳ್ತೇನ್ರಿ. ಬಾಯಾಗ ಅದ ಬಂತ್ರಿ."

ಸಾಹುಕಾರರು ಗದರಿಸಲು ಬಾಯಿ ತೆರೆದವರು ನಕ್ಕುಬಿಟ್ಟರು. ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡು, ಟೇಪು ತಂದು ಅಳತೆ ತಾನೇ ತೆಗೆದುಕೊಂಡಳು.

ರಾಮವ್ವ ಫ್ರಾಕು ಬಿಚ್ಚಲು ಹೋದರೆ ಕಾವೇರಿ ಅದನ್ನು ಗಟ್ಟಿಯಾಗಿ ಅವಚಿಕೊಂಡಿತು.

"ಬಿಚ್ಚಬ್ಯಾಡ್ರಿ," ಎಂದಳು ಭಾಗ್ಯಜ್ಯೋತಿ. "ಇದು ಕೆಟ್ಟ ಸ್ಯಾಂಪಲ್. ಪಾಳಿ ನಿಮ್ಮದ ಐತೆಲ್ಲ?"

ರಾಮವ್ವ ಫ್ರಾಕು ಬಿಟ್ಟಳು. ಸೂಜಿ ತೆಗೆದುಕೊಂಡು ಮಗಳ ಕಾಲ ಬುಡದಲ್ಲೇ ಕುಳಿತು, ಅಂಚನ್ನು ಒಳಗೆ ಮಡಚಿ ಹೊಲಿಯತೊಡಗಿದಳು.

"ಅವ್ವಾ, ಮುಂದಿನ ವರ್ಷಾನೂ ಇದು ನಂದನ?"

"ಅದರ ಮುಂದಿನ ವರ್ಷಾನೂ ನಿಂದ, ನನ್ನವ್ವಾ. ಹಿಂದಕ ಸರೀಬ್ಯಾಡ, ಸೂಜಿ ಚುಚ್ಚತೈತಿ."