ಸೆವ್ರಿನ್ ಬಾಯಿಯ ಡಬ್ಬಿ

ಅಟ್ಟದ ಮೇಲೆ, ಕೆಟ್ಟುಹೋದ ಟೇಬಲ್ ಫ್ಯಾನಿನ ಹಿಂದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಸ್ಟೀಲ್ ಡಬ್ಬಿ ಹನ್ನೆರಡು ವರ್ಷದಿಂದ ಕೂತಿತ್ತು. ಅದು ವಿಮಲಾಳದ್ದಲ್ಲ. ಮುಚ್ಚಳದ ಮೇಲೆ 'ಸೆವ್ರಿನ್ ಡಿಸೋಜ, 1984' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹತ್ತಿರದ ಆ ಕಟ್ಟಡದಲ್ಲಿ ಯಾರ ಪಾತ್ರೆ ಯಾರ ಮನೆಯಲ್ಲಿ ಎಷ್ಟು ದಿನ ಉಳಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ವಾಪಸ್ ಕೊಡುವಾಗ ಖಾಲಿ ಕೊಡುವ ಹಾಗಿಲ್ಲ. ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು, ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಾದರೂ ಹಾಕಿಯೇ ಕೊಡಬೇಕು. ಈ ಡಬ್ಬಿಗೆ ಏನು ಹಾಕಿ ಕೊಡುವುದೆಂದು ವಿಮಲಾಳಿಗೆ ಇಷ್ಟು ವರ್ಷ ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ತೋಚಿತ್ತು, ಧೈರ್ಯ ಇರಲಿಲ್ಲ.

2001ರಲ್ಲಿ ಸೆವ್ರಿನ್ ಬಾಯಿಯ ಮನೆ ವಿಮಲಾಳ ಮನೆಗೆ ಎದುರು ಬಾಗಿಲು. ಇಬ್ಬರೂ ಉಡುಪಿ ಕಡೆಯವರು, ಇಬ್ಬರಿಗೂ ತುಳು ಬರುತ್ತಿತ್ತು. ಎಲ್ಲರೂ ಗೌರವದಿಂದ ಬಾಯಿ ಎನ್ನುತ್ತಿದ್ದ ಅವಳಿಗೆ ಐವತ್ತು ದಾಟಿತ್ತು, ವಿಮಲಾಳಿಗೆ ಇಪ್ಪತ್ನಾಲ್ಕು. ಏಳನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ ಹುಡುಗಿ. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಎರಡು ಬಸಿರು ಇಳಿದುಹೋಗಿದ್ದವು. ಮೂರನೆಯದು ನಿಂತಿತ್ತು, ಆದರೆ ಹೊಟ್ಟೆಯಲ್ಲಿ ಬೇರೆ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ವಾಂತಿ, ಮೀನು ಸಾರಿನ ಹೆಸರೆತ್ತಿದರೆ ವಾಂತಿ. ಗಂಡ ಭುಜಂಗ ಕಲ್ಯಾಣದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಅವನು ಕಟ್ಟಿಸಿಕೊಂಡು ಬರುತ್ತಿದ್ದ ಇಡ್ಲಿ ದೋಸೆಗಳು ಕಟ್ಟು ಬಿಚ್ಚುವ ಮೊದಲೇ ಅವಳ ಹೊಟ್ಟೆ ತೊಳೆಸುತ್ತಿದ್ದವು. ಸಾಲದ್ದಕ್ಕೆ ಗಾಳಿ ತಿರುಗಿದರೆ ಕಾರ್ಖಾನೆಗಳ ಕಡೆಯ ವಾಸನೆ ಬೇರೆ.

ಒಂದು ಭಾನುವಾರ ಬೆಳಿಗ್ಗೆ ಎದುರು ಮನೆಯಿಂದ ಇನ್ನೊಂದು ವಾಸನೆ ಬಂತು. ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಕುಟ್ಟಿದ ಕಾಳುಮೆಣಸು, ನಿಧಾನಕ್ಕೆ ಬೇಯುತ್ತಿರುವ ಮಾಂಸ, ಬಟಾಟೆ. ತಿಂಗಳುಗಳ ಮೇಲೆ ಮೊದಲ ಸಲ ವಿಮಲಾಳ ಬಾಯಲ್ಲಿ ನೀರೂರಿತು. ಡಿಸೋಜರ ಮನೆಗೆ ಭಾನುವಾರ ಬರುವುದು ಯಾವ ಮಾಂಸ ಎಂದು ಕಟ್ಟಡಕ್ಕೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಹೋಗಿ ಬಾಗಿಲು ತಟ್ಟಿದಳು.

"ಬಾಯಿ, ನೀವು ಮಾಡಿದ್ದರಲ್ಲಿ ನಂಗೆ ಒಂಚೂರು ಕೊಡ್ತೀರಾ?"

ಬಾಯಿ ಸೌಟು ಹಿಡಿದುಕೊಂಡೇ ಅವಳನ್ನು ನೋಡಿದಳು. "ಇದು ಎಂತದ್ದಂತ ಗೊತ್ತುಂಟಲ್ಲ ನಿನಗೆ?"

"ಗೊತ್ತುಂಟು."

ಬಾಯಿ ಮತ್ತೆ ಕೇಳಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ನಂಬಿಕೆ ಊರ ಕಡೆ ಇಗರ್ಜಿಗೆ ಹೋಗುವವರಿಗೂ ಉಂಟು, ದೈವಕ್ಕೆ ಕೈಮುಗಿಯುವವರಿಗೂ ಉಂಟು. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಒಂದು ಬಟ್ಟಲು ಸೂಪು ಕೊಟ್ಟಳು. ದಪ್ಪಗೆ, ಬೆಳ್ಳಗೆ, ತುಟಿಗೆ ಅಂಟುವ ಸೂಪು, ಹಲ್ಲಿಗೆ ಕೆಲಸವನ್ನೇ ಕೊಡದಷ್ಟು ಬೆಂದ ಮಾಂಸ. ವಿಮಲಾ ಬಟ್ಟಲು ಬರಿದು ಮಾಡಿದಳು, ವಾಂತಿಯಾಗಲಿಲ್ಲ. ಆಮೇಲೆ ಪ್ರತಿ ಭಾನುವಾರ ಆ ಸ್ಟೂಲು ಅವಳದ್ದೇ ಆಯಿತು. ಭುಜಂಗ ಹೋಟೆಲಿನಲ್ಲಿರುತ್ತಿದ್ದ. ಸೂಪು ಕುಡಿದ ಮೇಲೆ ಬಾಯಿ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ಮಗಳು ಲವೀನಾ, ನನ್ನ ಮಮ್ಮಿಗೆ ಈಗ ಇನ್ನೊಬ್ಬಳು ಮಗಳು ಸಿಕ್ಕಿದಳು ಎಂದು ರೇಗಿಸುತ್ತಿದ್ದಳು. ತಾಯಿ ಇದ್ದಿದ್ದರೆ ಹೀಗೇ ಇರುತ್ತಿತ್ತೇನೋ ಎಂದುಕೊಂಡು ವಿಮಲಾ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ವಾರದ ಮಧ್ಯೆ ಬೇಕಾದೀತೆಂದು ಬಾಯಿ ಡಬ್ಬಿಯಲ್ಲೂ ಹಾಕಿ ಕೊಡುತ್ತಿದ್ದಳು.

ಡಿಸೆಂಬರಿನಲ್ಲಿ ಕಟಪಾಡಿಯಿಂದ ಅತ್ತೆ ರತ್ನಾವತಿ ಬಂದರು. ಏಳು ತಿಂಗಳಿಗೆ ಸೀಮಂತ ಮುಗಿಸಿ ಸೊಸೆಯನ್ನು ಹೆರಿಗೆಗೆ ಊರಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಕೆಟ್ಟವರಲ್ಲ, ಆದರೆ ಬಂದ ದಿನವೇ ಒಲೆಯ ಪಕ್ಕದ ಗೂಡಿನಲ್ಲಿ ಮನೆ ದೈವದ ಫೋಟೊ ಇಟ್ಟು ದೀಪ ಹಚ್ಚಿದ ಹೆಂಗಸು. ಬಂದ ಮೂರನೇ ದಿನ ಡಬ್ಬಿಯ ಮುಚ್ಚಳ ತೆಗೆದರು. ಆಡಿನ ಮಾಂಸಕ್ಕೆ ಇಷ್ಟು ದಪ್ಪ ಎಳೆ ಎಲ್ಲಿಂದ ಬಂತು ಎಂದು ಕೇಳಿದರು. ವಿಮಲಾಳಿಗೆ ಹಿಂದಿನದೆಲ್ಲ ನೆನಪಾಯಿತು. ಎರಡು ಸಲ ಬಸಿರು ಹೋದಾಗಲೂ ಇವರು ಏನೇನು ಹುಡುಕಿದ್ದರು, ಯಾವ ದೋಷ, ಯಾರ ತಪ್ಪು ಎಂದು. ಈ ಮಗುವಿಗೆ ಏನಾದರೂ ಆದರೆ ಜನ್ಮವಿಡೀ ಬೆರಳು ತನ್ನ ಕಡೆಗೇ.

"ಮಟನ್ ಅಂತ ಹೇಳಿ ಕೊಟ್ರು ಅತ್ತೆ," ಅಂದಳು. "ನನಗೆ ಗೊತ್ತಿರಲಿಲ್ಲ."

ರತ್ನಾವತಿ ನೆಟ್ಟಗೆ ಎದುರು ಬಾಗಿಲಿಗೆ ಹೋದರು. ಬಸುರಿ ಹೆಂಗಸಿಗೆ ಸುಳ್ಳು ಹೇಳಿ ತಿನ್ನಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು ಎಂದು ಮೂರು ಮಾಳಿಗೆಗೆ ಕೇಳುವ ಹಾಗೆ ಕೇಳಿದರು. ಬಾಯಿ ಅತ್ತೆಯ ಹೆಗಲ ಮೇಲಿಂದ, ಹಿಂದೆ ನಿಂತಿದ್ದ ವಿಮಲಾಳ ಮುಖ ನೋಡಿದಳು. ತುಂಬ ಹೊತ್ತೇನೂ ಅಲ್ಲ. ವಿಮಲಾ ತಲೆ ತಗ್ಗಿಸಿದಳು.

"ಹೌದಮ್ಮ," ಅಂದಳು ಬಾಯಿ. "ಮಟನ್ ಅಂತಲೇ ಹೇಳಿ ಕೊಟ್ಟದ್ದು. ತಪ್ಪು ನನ್ನದೇ."

ಕಟ್ಟಡಕ್ಕೆ ಅಷ್ಟು ಸಾಕಾಯಿತು. ಆ ಸಲದ ಕ್ರಿಸ್ಮಸ್ಸಿಗೆ ಲವೀನಾ ಎಂದಿನಂತೆ ಮನೆಮನೆಗೆ ಕುಸ್ವಾರಿನ ತಟ್ಟೆ ಹಿಡಿದುಕೊಂಡು ಹೊರಟಳು. ನೆವ್ರಿ, ಗುಳಿಯೊ, ಕುಲ್ಕುಲ್, ಬಾಯಿ ನಾಲ್ಕು ದಿನ ಕೂತು ಕರಿದಿದ್ದ ತಿಂಡಿಗಳು. ಊರ ಕಡೆಯವರ ಬಾಗಿಲುಗಳು ಒಂದೊಂದಾಗಿ ಬೇಡ ಎಂದವು. ವಿಮಲಾಳ ಬಾಗಿಲಿಗೆ ಬಂದಾಗ ಅತ್ತೆ ಬೆನ್ನ ಹಿಂದೆಯೇ ನಿಂತಿದ್ದರು. ವಿಮಲಾ ಹದಿನೆಂಟರ ಆ ಹುಡುಗಿಯ ಮುಖ ನೋಡದೆ, ತಟ್ಟೆಯ ಅಂಚು ನೋಡುತ್ತ, ಬೇಡ ಅಂದಳು. ಡಬ್ಬಿಯನ್ನು ಗುಜರಿಯವನಿಗೆ ಹಾಕು ಎಂದು ಅತ್ತೆ ಹೇಳಿದ್ದರು. ಅದೊಂದು ಮಾತನ್ನು ಮಾತ್ರ ಅವಳು ಕೇಳಲಿಲ್ಲ.

ಊರಿಗೆ ಹೋಗಿ, ಹೆತ್ತು, ನಾಲ್ಕು ತಿಂಗಳ ತನ್ವಿಯನ್ನು ಎತ್ತಿಕೊಂಡು ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ, ಮಗುವನ್ನು ಮೊದಲು ಬಾಯಿಯ ಮಡಿಲಲ್ಲಿ ಹಾಕಬೇಕು. ಎದುರು ಬಾಗಿಲ ಮೇಲೆ ಬೇರೆ ಹೆಸರಿನ ಫಲಕ ಇತ್ತು. ಡಿಸೋಜರು ನವಿ ಮುಂಬೈಯ ರಬಾಳೆ ಕಡೆ ಹೋದರಂತೆ, ವಿಳಾಸ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದಳೇ ಎಂದು ಕೇಳಿದರೆ, ಅದೂ ಹೇಳುವುದು ಕಷ್ಟ. ಆದರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಾಯಿತೆಂದರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ಆ ಸ್ಟೂಲು, ತಲೆಯ ಮೇಲಿನ ಆ ಎಣ್ಣೆಗೈ ನೆನಪಾಗಿ ಎದೆ ಹಿಂಡುತ್ತಿತ್ತು. ಹನ್ನೆರಡು ವರ್ಷ ಹೀಗೇ ಹೋಯಿತು.

2013ರ ಡಿಸೆಂಬರಿನಲ್ಲಿ, ಅತ್ತೆ ತೀರಿಹೋಗಿ ವರ್ಷ ಕಳೆದ ಮೇಲೆ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ವಿಮಲಾಳಿಗೆ ಲವೀನಾ ಎದುರಾದಳು. ಗುರುತು ಹಿಡಿದು ಮಾತಾಡಿಸಿದ್ದು ವಿಮಲಾಳೇ. ಲವೀನಾ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಪಪ್ಪ ಹೋಗಿ ಐದು ವರ್ಷವಾಯಿತು, ಮಮ್ಮಿ ತನ್ನ ಜೊತೆಗೇ ರಬಾಳೆಯಲ್ಲಿ ಇದ್ದಾಳೆ, ಈಗ ಗಟ್ಟಿ ಊಟ ಗಂಟಲಲ್ಲಿ ಇಳಿಯುವುದಿಲ್ಲ. ವಿಳಾಸ ಕೊಟ್ಟು ಹೊರಟವಳು ತಿರುಗಿ ನಿಂತು, "ಮಮ್ಮಿ ನಿಮಗೆ ಯಾಕೆ ಹಾಗೆ ಮೋಸ ಮಾಡಿದ್ಳೋ ನನಗೆ ಇವತ್ತಿಗೂ ಅರ್ಥ ಆಗುದಿಲ್ಲ ವಿಮಲಕ್ಕ. ಕೇಳಿದ್ರೆ ಹೇಳುದಿಲ್ಲ," ಅಂದಳು.

ಬಾಯಿ ಸ್ವಂತ ಮಗಳಿಗೂ ನಿಜ ಹೇಳಿರಲಿಲ್ಲ. ವಿಮಲಾ ಕಂಬಿ ಹಿಡಿದುಕೊಂಡು ಎರಡು ಲೋಕಲ್ ಹೋಗುವ ತನಕ ಅಲ್ಲೇ ನಿಂತಳು.

ಮನೆಗೆ ಬಂದವಳೇ ಡಬ್ಬಿ ಇಳಿಸಿದಳು. ಭುಜಂಗ ಬಂದ ಮೇಲೆ ಎಲ್ಲವನ್ನೂ ಹೇಳಿದಳು. ಬೇಕೆಂದು ಕೇಳಿ ತಿಂದದ್ದು ನಾನು, ಸುಳ್ಳು ನನ್ನದು, ಈಗ ಅದನ್ನೇ ಇದೇ ಒಲೆಯ ಮೇಲೆ ಮಾಡಿ ಒಯ್ಯುತ್ತೇನೆ, ಕದ್ದು ಮಾಡುವುದಿಲ್ಲ. ನನಗೊಂದು ಮಾತು ಆವಾಗಲೇ ಹೇಳಬಹುದಿತ್ತು ಎಂದಷ್ಟೇ ಭುಜಂಗ ಅಂದ. ಮರುದಿನ ಕಲ್ಯಾಣದ ಪಾತ್ರೆ ಅಂಗಡಿಯಿಂದ ಹೊಸ ಅಲ್ಯೂಮಿನಿಯಂ ಪಾತ್ರೆ ತಂದು ಮುಂದಿಟ್ಟ. ಭಾನುವಾರ ಹೋಟೆಲಿಗೆ ಹೊರಡುವ ಮೊದಲು ಗೂಡಿನಿಂದ ದೈವದ ಫೋಟೊ ತೆಗೆದು, ಒರೆಸಿ, ಹೊರಕೋಣೆಯ ಕಪಾಟಿನ ಮೇಲಿಟ್ಟು ಕೈಮುಗಿದ. ಹೆಂಡತಿಯ ಕಡೆ ನೋಡದೆ, ಬೆಂದಿತೋ ಎಂದು ಸರಿಯಾಗಿ ನೋಡು, ವಯಸ್ಸಾದವರ ಹೊಟ್ಟೆ ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಅಂಗಡಿಯವನ ಹತ್ತಿರ 'ಬಡೇ ಕಾ' ಎಂದು ಕೇಳುವಾಗ ವಿಮಲಾ ದನಿ ತಗ್ಗಿಸಿದಳು. ಈ ಊರಲ್ಲಿ ಆ ಮಾಂಸಕ್ಕೆ ಅದೇ ಹೆಸರು. ಅವನಿಗೆ ಇವಳ ದನಿಯ ಗೊಡವೆ ಇರಲಿಲ್ಲ, ಸೂಪಿಗೋ ಎಂದು ಕೇಳಿ ಮೂಳೆ ಸಮೇತ ಕತ್ತರಿಸಿ ಕೊಟ್ಟ. ಮನೆಯಲ್ಲಿ ಮಾಂಸ ತೊಳೆದಳು, ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿದಳು, ಕಾಳುಮೆಣಸು ಕುಟ್ಟಿ ಹಾಕಿದಳು. ಸಣ್ಣ ಉರಿಯಲ್ಲಿ ಮೂರು ಗಂಟೆ. ಬಟಾಟೆ ಕೊನೆಗೆ. ಬಾಯಿ ಸೂಪು ಮಾಡುವುದನ್ನು ಅವಳು ಮೊದಲಿಂದ ಕೊನೆಯ ತನಕ ನೋಡಿದ್ದೇ ಇಲ್ಲ, ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆದರೆ ಬೆಳ್ಳಗೆ, ದಪ್ಪಗೆ ಇತ್ತಲ್ಲ. ಕಟಪಾಡಿಯ ಸೊಸೆಗೆ ಅಡುಗೆ ಬೆಳ್ಳಗಾಗಲು ಗೊತ್ತಿರುವುದು ಒಂದೇ ದಾರಿ. ತೆಂಗಿನಕಾಯಿ ತುರಿದು, ರುಬ್ಬಿ, ಹಿಂಡಿ ದಪ್ಪ ಹಾಲು ಸುರಿದಳು. ಉಪ್ಪು ನೋಡಲು ಸೌಟು ತುಟಿಗೆ ಮುಟ್ಟಿಸಿದಾಗ ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಕುಡಿದಳು. ಚೆನ್ನಾಗಿತ್ತು, ಆದರೆ ಅದಲ್ಲ. ಮಾಂಸ ಸರಿ, ಮೆಣಸು ಸರಿ, ತಪ್ಪಿದ್ದೆಲ್ಲಿ ಎಂದು ತಿಳಿಯದೆ ಅವಳಿಗೆ ಅಳು ಬಂತು. ಡಬ್ಬಿಗೆ ತುಂಬಿ, ಟವೆಲಿನಲ್ಲಿ ಸುತ್ತಿ, ತನ್ವಿಯನ್ನು ಕರೆದುಕೊಂಡು ಹೊರಟಳು. ಠಾಣೆ ಸ್ಟೇಷನ್ನಿನಲ್ಲಿ ಇಳಿದು ರಬಾಳೆಗೆ ಹೋಗುವ ವಾಶಿ ಗಾಡಿ ಹತ್ತುವಾಗ ತನ್ವಿ, "ಮಮ್ಮಿ, ಹಮ್ ಕಿಸಕೇ ಘರ್ ಜಾ ರಹೇ ಹೈಂ?" ಎಂದು ಕೇಳಿದಳು. ನಿನ್ನ ಅಜ್ಜಿಯ ಮನೆಗೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ವಿಮಲಾ ನುಂಗಿಕೊಂಡಳು.

ರಬಾಳೆಯ ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೆವ್ರಿನ್ ಬಾಯಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಕಣ್ಣು ಮಾತ್ರ ಮೊದಲಿನದೇ. ವಿಮಲಾಳನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಆಮೇಲೆ ತನ್ವಿಯನ್ನು ಹತ್ತಿರ ಕರೆದು ಅವಳ ಎರಡೂ ಕಿವಿ ಮುಟ್ಟಿ ನೋಡಿದಳು.

"ಸೋರುದಿಲ್ಲ ಅಲ್ವಾ?"

"ಇಲ್ಲ ಬಾಯಿ," ಅಂದಳು ವಿಮಲಾ. ಕುರ್ಚಿಯ ಕಾಲಬುಡದಲ್ಲಿ ಕೂತು, ಬಾಯಿಯ ಕಡೆಗಲ್ಲ, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಲವೀನಾಳ ಕಡೆ ತಿರುಗಿದಳು. ಬಾಯಿ ಅವಳ ಹೆಗಲು ಅದುಮಿ, ಸುಮ್ಮನಿರು, ಆದದ್ದಾಯಿತು ಎಂದಳು. ವಿಮಲಾ ಸುಮ್ಮನಿರಲಿಲ್ಲ.

"ನಿಮ್ಮ ಮಮ್ಮಿ ನಂಗೆ ಮೋಸ ಮಾಡ್ಲಿಲ್ಲ ಲವೀನಾ. ಇದು ಎಂತದ್ದಂತ ಕೇಳಿಯೇ ಕೊಟ್ಟಿದ್ರು. ಗೊತ್ತುಂಟು ಅಂತ ಹೇಳಿ ತಿಂದವಳು ನಾನು. ಅತ್ತೆಗೆ ಹೆದರಿ ಸುಳ್ಳು ಹೇಳಿದ್ದೂ ನಾನೇ. ಇವರು ಅದನ್ನು ತಲೆ ಮೇಲೆ ಹೊತ್ತುಕೊಂಡ್ರು."

ಲವೀನಾ ತಾಯಿಯನ್ನು ನೋಡಿದಳು. ಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಲವೀನಾ ಒಳಗೆ ಹೋಗಿ ಒಂದು ಬಟ್ಟಲು, ಚಮಚ ತಂದಳು. ಸೂಪು ಬಗ್ಗಿಸಿ ತಾಯಿಗೆ ಒಂದು ಚಮಚ ಕುಡಿಸಿದಳು.

ಬಾಯಿ ನಾಲಿಗೆಯ ಮೇಲಿಟ್ಟು ಯೋಚಿಸಿದಳು. "ಎಂತ ಮಾರಾಯ್ತಿ, ಬೀಫಿಗೆ ತೆಂಗಿನ ಹಾಲು ಹಾಕಿದ್ದೀಯಾ?"

ಮತ್ತೆ ಬೆಳ್ಳಗಾಗುವುದು ಹೇಗೆ ಎಂದು ವಿಮಲಾ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದಳು. ಬಾಯಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. ಒಂದು ಚಮಚ ಮೈದಾ ಬೆಣ್ಣೆಯಲ್ಲಿ ಹುರಿದು ಹಸುವಿನ ಹಾಲು ಹಾಕಬೇಕು, ಬಟಾಟೆ ಅರ್ಧ ಹಾಗೇ ಬಿಟ್ಟು ಅರ್ಧ ಹಿಸುಕಬೇಕು, ಇಷ್ಟು ಕುಡಿದೂ ಅಷ್ಟು ಗೊತ್ತಾಗಲಿಲ್ಲವಾ ನಿನಗೆ ಎಂದು ಬೈದಳು. ಬೈಯುತ್ತ ಬೈಯುತ್ತಲೇ ಬಟ್ಟಲು ಖಾಲಿ ಮಾಡಿದಳು. ಮಮ್ಮಿ ಒಂದು ತಿಂಗಳಿಂದ ಇಷ್ಟು ತಿಂದಿರಲಿಲ್ಲ ಎಂದು ಲವೀನಾ ಮೆಲ್ಲಗೆ ಹೇಳಿದಳು, ವಿಮಲಾಳಿಗೆ ಅಲ್ಲ, ಬಟ್ಟಲಿಗೆ ಹೇಳಿದ ಹಾಗೆ.

ಕತ್ತಲಾಗುವ ಮೊದಲು ಹೊರಡಬೇಕಿತ್ತು. ಬಾಯಿ ವಿಮಲಾಳ ತಲೆಯ ಮೇಲೆ ಕೈಯಿಟ್ಟು, ಕೂದಲೆಲ್ಲ ಒಣಗಿದೆ ಎಂದು ಗೊಣಗಿದಳು. ಡಬ್ಬಿ ಬಂದ ಕಡೆಗೆ ಬಂದು ಸೇರಿತ್ತು, ಅವಳ ಕೈ ಖಾಲಿಯಾಗಿತ್ತು. ಲವೀನಾ ಇನ್ನೂ ತನ್ನ ಜೊತೆ ಒಂದು ಮಾತೂ ಆಡಿಲ್ಲವಲ್ಲ ಎಂಬುದು ಅವಳನ್ನು ಕೊರೆಯುತ್ತಿತ್ತು. ಕ್ಷಮಿಸು ಎಂದು ಕೇಳುವ ಮುಖವೂ ತನಗಿಲ್ಲ ಎಂದುಕೊಂಡು ತನ್ವಿಯ ಕೈ ಹಿಡಿದು ಬಾಗಿಲು ದಾಟಿದಳು.

"ವಿಮಲಕ್ಕ, ನಿಲ್ಲಿ."

ಲವೀನಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಅದೇ ಡಬ್ಬಿ, ತೊಳೆದು ಒರೆಸಿದ್ದು. ಕ್ರಿಸ್ಮಸ್ಸಿಗೆ ಇನ್ನು ಮೂರೇ ದಿನ ಇತ್ತು. ಅವಳು ಮುಚ್ಚಳ ತೆಗೆದು ತೋರಿಸಿದಳು. ಒಳಗೆ ನೆವ್ರಿ, ಗುಳಿಯೊ, ಕುಲ್ಕುಲ್. ಹದಿನೆಂಟರಲ್ಲಿ ತಟ್ಟೆ ಹಿಡಿದ ಹಾಗೇ ಅದನ್ನು ಮುಂದೆ ಹಿಡಿದಳು.

"ಈ ಸಲ ಬೇಡ ಅನ್ಬೇಡಿ," ಅಂದಳು.

ವಿಮಲಾ ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಒಂದು ಕುಲ್ಕುಲ್ ತೆಗೆದು ಅಲ್ಲೇ, ಹೊಸಿಲಲ್ಲೇ, ಬಾಯಿಗೆ ಹಾಕಿಕೊಂಡಳು. ಒಳಗಿನಿಂದ ಸೆವ್ರಿನ್ ಬಾಯಿಯ ದನಿ ಕೇಳಿತು, ಡಬ್ಬಿ ನನ್ನದು, ಬರುವ ಭಾನುವಾರ ವಾಪಸ್ ತರಬೇಕು, ಖಾಲಿ ತರಬೇಡ, ತೆಂಗಿನ ಹಾಲೂ ಬೇಡ ಎಂದು. ತರುತ್ತೇನೆ ಎನ್ನಲು ವಿಮಲಾಳ ಬಾಯಿ ತುಂಬಿತ್ತು, ತಲೆಯಾಡಿಸಿದಳು.